ಡಬ್ಬಿ ಫಕೀರವ್ವ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಎರೆಸೀಮೆಯಲ್ಲಿ ಒಂದೂರಿತ್ತಂತೆ. ಊರು ಅಂದರೆ ನೀವು ಅಂದುಕೊಳ್ಳುವ ಹಾಗೆ ಅಗಸಿ, ಓಣಿ, ಕಟ್ಟೆ ಇರುವ ಊರಲ್ಲ. ಒಂದು ಮಳೆಗಾಲ ಹಳ್ಳ ತುಂಬಿ ಊರೊಳಗೇ ಬಂದು, ಗೋಡೆಗಳನ್ನೆಲ್ಲ ಮಲಗಿಸಿ ಹೋಯಿತಂತೆ. ಆಮೇಲೆ ಯಾರೂ ಹಳೆಯ ಜಾಗದಲ್ಲಿ ಮನೆ ಕಟ್ಟಲಿಲ್ಲ. ಅವರವರ ಹೊಲದಲ್ಲಿ ಎತ್ತರದ ಜಾಗ ನೋಡಿ ಅವರವರು ಇದ್ದುಬಿಟ್ಟರು. ಹಳ್ಳದ ಈಚೆ ಕೆಲವು ಮನೆ, ಆಚೆ ಕೆಲವು ಮನೆ. ಒಂದು ಮನೆಯ ದೀಪ ಇನ್ನೊಂದು ಮನೆಗೆ ಚುಕ್ಕಿಯಷ್ಟು ಕಾಣುತ್ತಿತ್ತು, ಅಷ್ಟು ದೂರ.

ಎರೆಮಣ್ಣಿನ ಗುಣ ನಿಮಗೆ ಗೊತ್ತಲ್ಲ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಪಕ್ಕದ ಹೊಲದ ಮನೆಗೆ ಹೋಗಿ ಬರುವುದೆಂದರೆ ಒಂದು ಸಣ್ಣ ಯಾತ್ರೆಯೇ ಆಗುತ್ತಿತ್ತಂತೆ. ಹಾಗಾಗಿ ಮಳೆ ಶುರುವಾಯಿತು ಅಂದರೆ ಆ ಊರಲ್ಲಿ ಯಾರ ಮನೆಯ ಸುಖದುಃಖವೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಊರಲ್ಲಿ ಫಕೀರವ್ವ ಅಂತ ಒಬ್ಬ ಹೆಂಗಸು ಇದ್ದಳು. ಕೌದಿ ಹೊಲಿಯುವುದು ಅವಳ ಕಸುಬು. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು, ಏನು ಕೊಟ್ಟರೂ ಕೌದಿ ಮಾಡಿ ಕೊಡುತ್ತಿದ್ದಳು. ಅವಳು ಹೊಲಿದ ಕೌದಿ ಹೊದ್ದವರಿಗೆ ಕೆಟ್ಟ ಕನಸು ಬೀಳುತ್ತಿರಲಿಲ್ಲ ಅಂತಾರೆ. ನನ್ನ ಕೇಳಿದರೆ, ಅದು ಅಷ್ಟು ಭಾರ ಇರುತ್ತಿತ್ತು, ಅದರ ಕೆಳಗೆ ಮಲಗಿದವರಿಗೆ ಮಗ್ಗುಲು ತಿರುಗುವುದೇ ಕಷ್ಟ, ಕನಸೆಲ್ಲಿಂದ ಬೀಳಬೇಕು? ಆದರೆ ಹೇಳುವವರು ಹಾಗೆ ಹೇಳುತ್ತಾರೆ, ನಾನು ಯಾಕೆ ಅಲ್ಲ ಅನ್ನಲಿ.

ಕೌದಿ ಹೊಲಿಯುವಾಗ ಆಯಾ ಮನೆಯಲ್ಲೇ ಕೂತು ಹೊಲಿಯುವುದು ರೂಢಿ. ಒಂದು ಕೌದಿ ಮುಗಿಯುವಷ್ಟರಲ್ಲಿ ಆ ಮನೆಯ ಯಾವ ಎಮ್ಮೆ ಒದೆಯುತ್ತದೆ, ಯಾವ ಮುದುಕನಿಗೆ ಯಾವ ಹೊತ್ತಿಗೆ ಕೆಮ್ಮು ಏಳುತ್ತದೆ, ಎಲ್ಲ ಅವಳಿಗೆ ತಿಳಿದಿರುತ್ತಿತ್ತು. ಊರಿನ ಎಲ್ಲ ಮನೆಯ ಒಳಗೂ ಕಾಲಿಟ್ಟವಳು ಅವಳೊಬ್ಬಳೇ.

ಅವಳ ಗಂಡ ಬೆಳೆ ಕಾಯಲು ಹೋದವನು ಹಾವು ಕಡಿದು ಸತ್ತ. ಜೋಳ ತೆನೆ ಹಿಡಿದ ಕಾಲ ಅದು. ಅವನು ಕೂಗಿಕೊಂಡನಂತೆ, ಬಹಳ ಕೂಗಿಕೊಂಡನಂತೆ. ಅಕ್ಕಪಕ್ಕದ ಹೊಲದವರ ಕಿವಿಗೂ ಬಿತ್ತಂತೆ. ಆದರೆ ಆ ದಿನಗಳಲ್ಲಿ ಎಲ್ಲ ಹೊಲದಲ್ಲೂ ಎಲ್ಲರೂ ಹಕ್ಕಿ ಓಡಿಸಲು ಕೂಗುತ್ತಲೇ ಇರುತ್ತಾರೆ. ಇವನೂ ಹಕ್ಕಿ ಓಡಿಸುತ್ತಿದ್ದಾನೆ ಅಂದುಕೊಂಡು ಸುಮ್ಮನಿದ್ದರು. ಅವರದೂ ತಪ್ಪಲ್ಲ. ಫಕೀರವ್ವ ಯಾರನ್ನೂ ಬೈಯಲಿಲ್ಲ. ಆದರೆ ಅವತ್ತಿನಿಂದ ಅವಳ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು. ಒಬ್ಬರು ಕರೆದರೆ ಇನ್ನೊಬ್ಬರಿಗೆ ಅದು ಕರೆ ಅಂತ ತಿಳಿಯಬೇಕು. ಅದಕ್ಕೆ ಏನು ಮಾಡುವುದು?

ಹೀಗಿರಲು, ಹತ್ತಿರದ ಗುಡ್ಡದ ಮೇಲೆ ಎತ್ತರದ ಕಬ್ಬಿಣದ ಕಂಬ ನಿಲ್ಲಿಸಲು ಎಲ್ಲಿಂದಲೋ ಜನ ಬಂದು ಕ್ಯಾಂಪು ಹಾಕಿದರು. ಗುಡ್ಡದ ಮೇಲಿನವನು ಬುಡದಲ್ಲಿರುವವನ ಹತ್ತಿರ ಅಂಗೈಯಷ್ಟು ಡಬ್ಬಿಯಲ್ಲಿ ಮಾತಾಡುತ್ತಿದ್ದ. ವಾಕಿಟಾಕಿ ಅಂತ ಅದರ ಹೆಸರು. ತಂತಿ ಇಲ್ಲ, ಏನಿಲ್ಲ. ಗುಂಡಿ ಒತ್ತಿದರೆ ಮಾತು ಹೋಗುತ್ತದೆ, ಗುಂಡಿ ಬಿಟ್ಟರೆ ಮಾತು ಬರುತ್ತದೆ. ಫಕೀರವ್ವ ಅದನ್ನು ನೋಡಿದಳು, ನೋಡಿ ಕೂತುಬಿಟ್ಟಳು.

ಆ ವರ್ಷ ಚಳಿ ಜೋರು. ಕ್ಯಾಂಪಿನವರು ತಗಡಿನ ಶೆಡ್ಡಿನಲ್ಲಿ ಗಡಗಡ ನಡುಗುತ್ತಿದ್ದರು. ಫಕೀರವ್ವ ಹೋಗಿ ಆಳಿಗೊಂದು ಕೌದಿ ಹೊಲಿದು ಕೊಟ್ಟಳು. ಏನು ಕೊಡಬೇಕು ಅಂದರೆ, ಆಮೇಲೆ ಕೇಳುತ್ತೇನೆ ಅಂದಳು. ಕಂಬ ನಿಂತಿತು, ಕ್ಯಾಂಪು ಕಿತ್ತರು. ಆಗ ಅವರ ದೊಡ್ಡ ಸಾಹೇಬ ಒಂದು ಕೈಯಲ್ಲಿ ಬಂಗಾರದ ಸರ, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು, ಯಾವುದು ಬೇಕು ಅಂದನಂತೆ, ಫಕೀರವ್ವ ಸರದ ಕಡೆ ಕಣ್ಣೆತ್ತಿಯೂ ನೋಡಲಿಲ್ಲವಂತೆ. ಕೌದಿಗೆ ಬಂಗಾರ ಕೊಡುವ ಸಾಹೇಬ ಎಲ್ಲಿದ್ದಾನೆ, ನನಗೂ ತೋರಿಸಿ. ಹಳೆಯ ಡಬ್ಬಿಗಳು ಅವರಿಗೆ ಹೇಗೂ ಬೇಡವಾಗಿದ್ದವು, ಅವಳಿಗೆ ಕೊಟ್ಟು ಹೋದರು. ಇಷ್ಟಂತೂ ನಿಜ. ಅವಳು ಅವನ್ನೆಲ್ಲ ಸೀರೆಯ ಗಂಟು ಕಟ್ಟಿ ತಲೆಯ ಮೇಲಿಟ್ಟು ತಂದು ಮನೆಗೊಂದರಂತೆ ಹಂಚಿದಳು. ಅವತ್ತಿನಿಂದ ಅವಳು ಡಬ್ಬಿ ಫಕೀರವ್ವ.

ಮೊದಮೊದಲು ಆದ ಫಜೀತಿ ಹೇಳಲೇಬೇಕು. ಒಬ್ಬರು ಮಾತಾಡುವಾಗ ಎಲ್ಲರೂ ಗುಂಡಿ ಒತ್ತುತ್ತಿದ್ದರು, ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಹಳ್ಳದ ಈಚೆಯ ನೀಲಪ್ಪ ಅನ್ನುವವನು ಗುಂಡಿ ಒತ್ತಿದರೆ ಬಿಡುತ್ತಲೇ ಇರಲಿಲ್ಲ. ತಾನು ಮಾತಾಡಿ, ಉತ್ತರಕ್ಕೂ ಗುಂಡಿ ಒತ್ತಿಕೊಂಡೇ ಕಾಯುತ್ತಾ, ಯಾರೂ ಮಾತೇ ಆಡುವುದಿಲ್ಲ ಅಂತ ಸಿಟ್ಟಾಗುತ್ತಿದ್ದ. ಫಕೀರವ್ವ ಕೊನೆಗೆ ಕೆಸರಲ್ಲಿ ಅವನ ಮನೆತನಕ ನಡೆದುಹೋಗಿ, "ಗುಂಡಿ ಬಿಡೋ ಮಾರಾಯಾ, ಊರಿಗೆ ಊರ ನಿನ್ನ ಉಸರಾಟ ಕೇಳಕ್ಕೊಂತ ಕುಂತೈತಿ" ಅಂದು ಬಂದಳಂತೆ. ಕೆಲವರು ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದರು. ವಿಭೂತಿ ಒಳಗೆ ಹೋಗಿ ಒಂದು ಡಬ್ಬಿ ಗೊರಗೊರ ಅನ್ನಲು ಶುರುಮಾಡಿತು. ಅದಕ್ಕೆ ಶೀತವಾಗಿದೆ ಅಂದವರೂ ಉಂಟು.

ಆದರೆ ದೊಡ್ಡ ಫಜೀತಿ ಆಗಿದ್ದು ಹಳ್ಳದ ಆಚೆಯ ದುರಗವ್ವನಿಗೆ. ಕುರಿಗಾರರ ಮನೆಯ ಯಜಮಾನಿ ಅವಳು, ಕೈ ದೊಡ್ಡದು, ಬಾಯಿಯೂ ದೊಡ್ಡದು. ಮಗ ಮೈಲಾರಪ್ಪ ವರ್ಷದ ಮುಕ್ಕಾಲು ಭಾಗ ಕುರಿ ಹೊಡೆದುಕೊಂಡು ದೂರದ ಸೀಮೆಯಲ್ಲಿರುತ್ತಿದ್ದ. ಮನೆಯಲ್ಲಿ ದುರಗವ್ವ, ಹೊಸ ಸೊಸೆ ಕಸ್ತೂರೆವ್ವ ಇಬ್ಬರೇ. ಒಂದು ದಿನ ದುರಗವ್ವ ಡಬ್ಬಿಯ ಮೇಲೆ ಗೊತ್ತಿಲ್ಲದೆ ಕೂತುಬಿಟ್ಟಳು. ಕೂತು ಸೊಸೆಗೆ ಬುದ್ಧಿ ಹೇಳಲು ಶುರುಮಾಡಿದಳು. ಸಾರಿಗೆ ಉಪ್ಪು ಜಾಸ್ತಿ ಅನ್ನುವುದರಿಂದ ಶುರುವಾದದ್ದು ಬೀಗರ ಮನೆಯ ಮದುವೆ ಊಟಕ್ಕೆ ಹೋಗಿ, ಅಲ್ಲಿಂದ ಬೀಗರ ಮೂಗಿಗೆ ಹೋಗಿ, ಊರಿನವರ ಮೇಲೂ ಬಂತು. ಎಲ್ಲ ಮನೆಯಲ್ಲೂ ಎಲ್ಲರೂ ಕೇಳಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕವಳು ಫಕೀರವ್ವ ಅಂತಾರೆ. ಮಾರನೇ ದಿನ ಡಬ್ಬಿಯಲ್ಲೇ, ಬೀಗರ ಮೂಗು ಈಗ ಹೆಂಗೈತಿ ಅಂತ ದುರಗವ್ವನನ್ನು ಕೇಳಿಯೂಬಿಟ್ಟಳಂತೆ.

ದುರಗವ್ವನಿಗೆ ಅವಮಾನವಾಯಿತು. ಅವಳು ಆಮೇಲೆ ಡಬ್ಬಿ ಮುಟ್ಟಲಿಲ್ಲ. ಸೊಸೆಗೂ ತಾಕೀತು ಮಾಡಿದಳು. ಕೇಳಿದ್ದಕ್ಕೆ ಒಂದು ಮಾತು ಹೇಳು, ಇಟ್ಟುಬಿಡು. ನಮ್ಮ ಮನೆಯ ಸುದ್ದಿ ಇನ್ನೊಮ್ಮೆ ಊರಿನವರ ಬಾಯಿಗೆ ಬೀಳಬಾರದು.

ದಿನ ಕಳೆದ ಹಾಗೆ ಊರಿಗೆ ಡಬ್ಬಿ ಒಗ್ಗಿತು, ಸಂತೆಗೆ ಹೋದವರು ಉಪ್ಪಿನ ಜೊತೆ ಡಬ್ಬಿಯ ಸೆಲ್ಲನ್ನೂ ತರುವ ಹಾಗಾಯಿತು. ಹಳ್ಳದ ಮೇಲಿನ ತಿರುವಿನಲ್ಲಿದ್ದ ಲಾಡಸಾಬ ನೀರು ಏರಿತು, ನೀರು ಇಳಿಯಿತು ಅಂತ ಹೇಳುತ್ತಿದ್ದ, ಕೆಳಗಿನವರು ದನ ಒಳಗೆ ಕಟ್ಟುತ್ತಿದ್ದರು. ತೋಳ ಒಂದು ಮನೆಯ ಹಟ್ಟಿ ಮೂಸಿದರೆ ಎಲ್ಲ ಮನೆಯ ನಾಯಿಗೂ ಸುದ್ದಿ ಮುಟ್ಟುತ್ತಿತ್ತು. ಒಬ್ಬರಿಗೆ ಚೇಳು ಕಡಿಯಿತೆಂದರೆ ಇನ್ನೊಬ್ಬರು ಬೇರು ಹಿಡಿದು ಹೊರಡುತ್ತಿದ್ದರು. ಫಕೀರವ್ವ ಡಬ್ಬಿಯಲ್ಲಿ ಕೆಮ್ಮು ಕೇಳಿಯೇ, ಇದು ಧೂಳಿನ ಕೆಮ್ಮು, ಇದು ಜ್ವರದ ಕೆಮ್ಮು ಅಂತ ಹೇಳುತ್ತಿದ್ದಳಂತೆ. ಡಬ್ಬಿಗೆ ಮೂಗು ಹಿಡಿದು ಯಾರ ಮನೆಯಲ್ಲಿ ಹಾಲು ಉಕ್ಕಿದೆ ಅಂತಲೂ ಹೇಳುತ್ತಿದ್ದಳಂತೆ. ನಂಬುವವರು ನಂಬಿ.

ದಿನಾ ಬೆಳಿಗ್ಗೆ, ಎಲ್ಲ ಮನೆಯಲ್ಲೂ ಹೆಂಗಸರು ರೊಟ್ಟಿ ಬಡಿಯುವ ಹೊತ್ತಿಗೆ, ಫಕೀರವ್ವ ಒಂದೊಂದೇ ಮನೆಯ ಹೆಸರು ಹಿಡಿದು ಕರೆಯುತ್ತಿದ್ದಳು. "ಊಟ ಆತೇನವಾ?" ಅಂತ ಕೇಳುತ್ತಿದ್ದಳು. "ಆತ್ರಿ" ಅಂತ ಅವರು ಅನ್ನುತ್ತಿದ್ದರು. ಎಲ್ಲ ಮನೆಯಿಂದಲೂ ಆತ್ರಿ ಬಂದರೆ ಅವಳ ಎದೆ ಹಗುರಾಗುತ್ತಿತ್ತು. ಊರೆಲ್ಲ ಸುಖವಾಗಿದೆ, ಎಲ್ಲರೂ ಉಂಡಿದ್ದಾರೆ ಅಂತ ಸಮಾಧಾನದಿಂದ ಸೂಜಿ ಹಿಡಿಯುತ್ತಿದ್ದಳು.

ಇಲ್ಲೇ ಅವಳು ತಪ್ಪಿದ್ದು. ನೀವೇ ಹೇಳಿ, ಯಾರಾದರೂ ಊಟ ಆಯಿತಾ ಅಂತ ಕೇಳಿದರೆ ನಾವು ಏನನ್ನುತ್ತೇವೆ? ಉಂಡಿದ್ದರೂ ಆಯಿತು, ಉಣ್ಣದಿದ್ದರೂ ಆಯಿತು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಆಯಿತು ಅಂತಲೇ ಅನ್ನುತ್ತೇವೆ. ಇಲ್ಲ ಅಂದರೆ ಕೇಳಿದವರ ಮನೆಯ ಅನ್ನಕ್ಕೆ ಕೈ ಒಡ್ಡಿದ ಹಾಗಾಯಿತಲ್ಲ! ಅದರಲ್ಲೂ ಊರೇ ಕಿವಿಗೊಟ್ಟು ಕೂತಿರುವಾಗ ಯಾವ ತಾಯಿ ಹೇಳುತ್ತಾಳೆ ಇಲ್ಲ ಅಂತ? ಊರಿನ ಕ್ಷೇಮ ಕೇಳಲು ಫಕೀರವ್ವ ಹುಡುಕಿ ಹುಡುಕಿ ಇಟ್ಟುಕೊಂಡದ್ದು ನಮ್ಮ ಜನ ಎಂದೂ ನಿಜ ಹೇಳದ ಪ್ರಶ್ನೆಯನ್ನೇ.

ಒಂದು ಮಳೆಗಾಲ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಳ್ಳ ಕೆಂಪಗೆ ತುಂಬಿ ಹರಿಯಿತು. ಆಚೆಯವರು ಆಚೆ, ಈಚೆಯವರು ಈಚೆ. ದುರಗವ್ವನ ಸೊಸೆ ಕಸ್ತೂರೆವ್ವ ಆಗ ಹಸಿ ಬಾಣಂತಿತನ ಮುಗಿಸಿದ್ದಳು, ಮಡಿಲಲ್ಲಿ ಕೂಸು. ಗಂಡ ಕುರಿಯ ಹಿಂದೆ ಎಲ್ಲೋ ಇದ್ದ. ಅಂಥ ಹೊತ್ತಿನಲ್ಲಿ ದುರಗವ್ವ ಹಿತ್ತಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮಾಳಿಗೆ ಸೋರಿ ಜೋಳದ ಚೀಲ ತೊಯ್ದು ಮುಗ್ಗು ಹಿಡಿಯಿತು. ಇದ್ದ ಹಿಟ್ಟು ತೀರಿತು. ಉಳಿದ ಒಂದಿಷ್ಟು ನುಚ್ಚು ಕಾಯಿಸಿ ಸೊಸೆ ಅತ್ತೆಗೆ ಕುಡಿಸಿದಳು, ತಾನು ಬಿಸಿನೀರು ಕುಡಿದಳು. ಎದೆಯಲ್ಲಿ ಹಾಲು ಕಡಿಮೆಯಾಯಿತು. ಕೂಸು ಚೀಪಿ ಚೀಪಿ ಅಳುತ್ತಿತ್ತು.

ಬೆಳಿಗ್ಗೆ ಡಬ್ಬಿ ಕರೆಯುತ್ತಿತ್ತು. ಊಟ ಆತೇನವಾ? ಕಸ್ತೂರೆವ್ವ ಹಾಸಿಗೆ ಹಿಡಿದ ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆ ಕಣ್ಣಲ್ಲೇ ಗದರುತ್ತಿದ್ದಳು. ಇವಳು ಆತ್ರಿ ಅಂದು ಇಟ್ಟುಬಿಡುತ್ತಿದ್ದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಆತ್ರಿ, ಆತ್ರಿ. ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಊರೆಲ್ಲ ಕಿವಿಯ ಹತ್ತಿರವೇ ಇತ್ತು, ಆ ಹುಡುಗಿ ಉಪವಾಸ ಇದ್ದಳು.

ಫಕೀರವ್ವನಿಗೆ ಅದು ಹೇಗೆ ತಿಳಿಯಿತು ಅನ್ನುವುದಕ್ಕೆ ಎಷ್ಟೋ ಕಥೆ. ಕನಸಲ್ಲಿ ಗಂಡ ಬಂದು ಹೇಳಿದ ಅಂತ ಕೆಲವರು. ಹೊಲಿಯುತ್ತಿದ್ದ ದಾರ ತಾನಾಗೇ ತುಂಡಾಯಿತು ಅಂತ ಕೆಲವರು. ನನ್ನ ಅಜ್ಜಿ ಹೇಳಿದ್ದು ಬೇರೆ, ನಾನು ನಂಬುವುದು ಅದನ್ನೇ. ಬೆಳಗಿನ ಆ ಹೊತ್ತಿನಲ್ಲಿ ಯಾವ ಮನೆಯವರು ಗುಂಡಿ ಒತ್ತಿದರೂ ಅವರ ಮಾತಿನ ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಪಟಪಟ ಪಟಪಟ ಅಂತ. ಹೊಲಕ್ಕೆ ಒಯ್ಯುವ ಬುತ್ತಿಗೂ ಆಗಲೇ ಬಡಿಯುತ್ತಿದ್ದರಲ್ಲ, ಹಾಗಾಗಿ ಎಲ್ಲ ಮನೆಯಲ್ಲೂ ಆ ಸಪ್ಪಳ. ದುರಗವ್ವನ ಮನೆಯಿಂದ ಮಾತ್ರ ಅದು ನಿಂತುಹೋಗಿತ್ತು. ಆತ್ರಿ ಅನ್ನುವ ಮಾತಿನ ಹಿಂದೆ ಏನೂ ಇಲ್ಲ, ಕೂಸಿನ ಅಳು ಒಂದೇ. ಫಕೀರವ್ವನ ಕೈಯ ಸೂಜಿ ನಿಂತಿತು.

ಅವಳು ಮತ್ತೆ ಕರೆದಳು. "ಕಸ್ತೂರಿ, ಏನ ಪಲ್ಲೆ ಮಾಡೀಯವಾ ಇವತ್ತ?"

ಆ ಹುಡುಗಿಗೆ ಆತ್ರಿ ಅನ್ನುವುದನ್ನು ಹೇಳಿಕೊಟ್ಟಿದ್ದರು, ಇದಕ್ಕೆ ಏನನ್ನಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಗುಂಡಿ ಒತ್ತಿದಳು. ಒತ್ತಿದ ಗುಂಡಿ ಬಿಡಲು ತಿಳಿಯಲಿಲ್ಲ. ಅವಳು ಬಿಕ್ಕಿದ್ದು ಎಲ್ಲ ಮನೆಗೂ ಕೇಳಿತು. ಹಳ್ಳದ ಆಚೆ ಈಚೆ, ಎಲ್ಲ ಮನೆಯಲ್ಲೂ ಹೆಂಗಸರು ರೊಟ್ಟಿಯ ಮೇಲೆ ಎತ್ತಿದ ಕೈ ಎತ್ತಿದ ಹಾಗೇ ನಿಲ್ಲಿಸಿದರಂತೆ. ಹಿಂದಿನಿಂದ ದುರಗವ್ವ ಕೂಗಿದ್ದೂ ಕೇಳಿತು. ಇಡು ಅದನ್ನ, ಇಡು ಅಂತೀನಿ. ಆಗ ಕಸ್ತೂರೆವ್ವ ಗುಂಡಿ ಬಿಟ್ಟಳು.

ಈಗ ಫಕೀರವ್ವ ಏನು ಮಾಡಿದಳು, ಸರಿಯಾಗಿ ಕೇಳಿ. ಯಾಕೆ ಸುಳ್ಳು ಹೇಳಿದಿ ಅಂತ ಕೇಳಲಿಲ್ಲ. ಅಯ್ಯೋ ಪಾಪ ಅನ್ನಲಿಲ್ಲ. ತಾವು ನಕ್ಕಿದ್ದಕ್ಕೇ ಆ ಮನೆ ಬಾಯಿ ಮುಚ್ಚಿಕೊಂಡಿದೆ ಅಂತ ಅವಳಿಗೆ ಆ ಕ್ಷಣಕ್ಕೆ ಹೊಳೆದಿತ್ತು. ಅವಳು ಗುಂಡಿ ಒತ್ತಿ, ಊರೆಲ್ಲ ಕೇಳುವ ಹಾಗೆ, ತನ್ನ ಮಾತು ಹೇಳಿದಳು.

"ನನಗ ಊಟ ಆಗಿಲ್ರೆವಾ. ನಿನ್ನೆ ಮುಂಜಾನಿಂದ ಆಗಿಲ್ಲ. ಒಲಿ ಹಚ್ಚಾಕ ಒಣಾ ಕಟಿಗಿ ಒಂದೂ ಇಲ್ಲ. ದಿನಾ ನಿಮ್ಮನ್ನ ಕೇಳಿ, ನಾನೂ ಉಂಡವರಂಗ ಕುಂತಿದ್ದೆ."

ಅದು ನಿಜವೋ, ಆ ಹುಡುಗಿಗಾಗಿ ಕಟ್ಟಿದ ಮಾತೋ, ಯಾರಿಗೂ ಗೊತ್ತಿಲ್ಲ. ಆದರೆ ಆ ಊರಲ್ಲಿ ಒಬ್ಬರು ಊಟ ಆಗಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಂತೆ. ಆಮೇಲೆ ನೀಲಪ್ಪನ ದನಿ ಬಂತು. ತನಗೆ ಜ್ವರ ಬಂದು ವಾರವಾಯಿತು, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಅಂದ. ಅಂದು, ಅವತ್ತು ಗುಂಡಿಯನ್ನೂ ಬಿಟ್ಟ. ಒಂದು ಮನೆಯವರು ತಮ್ಮ ಹಿಂದಿನ ಗೋಡೆ ಬಿದ್ದಿದೆ, ದನದ ಜೊತೆ ಮಲಗುತ್ತಿದ್ದೇವೆ ಅಂದರು. ಇನ್ನೊಂದು ಮನೆಯವಳು ಉಪ್ಪು ತೀರಿದೆ, ಸಪ್ಪೆಯನ್ನೇ ತಿನ್ನುತ್ತಿದ್ದೇವೆ ಅಂದಳು. ದಿನಾ ಬೆಳಿಗ್ಗೆ ಆತ್ರಿ ಆತ್ರಿ ಅಂದವರೇ ಇವರೆಲ್ಲ!

ದುರಗವ್ವ ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಸೊಸೆಯ ಕಡೆ ಕೈ ಚಾಚಿ ಡಬ್ಬಿ ಇಸಿದುಕೊಂಡಳು. ಊರು ನಕ್ಕ ಆ ದಿನದ ನಂತರ ಅವಳು ಡಬ್ಬಿ ಹಿಡಿದು ಮಾತಾಡಿದ್ದು ಆಗಲೇ.

"ಫಕೀರಿ, ನನ್ನ ಕಾಲ ಮುರದೈತಿ. ಅದ ಹೆಂಗರ ಇರಲಿ. ಮನ್ಯಾಗ ಹಿಟ್ಟಿಲ್ಲ. ನನ್ನ ಸೊಸಿ ಉಂಡಿಲ್ಲ."

"ಬಂದ್ವಿ ತಡಿಯಕ್ಕಾ" ಅಂದಳು ಫಕೀರವ್ವ.

ಬಂದ್ವಿ ಅಂದದ್ದೇನೋ ಸರಿ, ನಡುವೆ ಹಳ್ಳ ಇತ್ತಲ್ಲ. ಆಚೆಯ ಉಳಿದ ಮನೆಗಳಿಗೂ ದುರಗವ್ವನ ಮನೆಗೂ ನಡುವಿನ ಹೊಲವೆಲ್ಲ ಕೆರೆಯಾಗಿತ್ತು. ಫಕೀರವ್ವ ದಂಡೆಯ ಮೇಲೆ ನಿಂತು, ಹೊಟ್ಟೆಗಿಲ್ಲದ ಬಾಣಂತಿ ಇದ್ದಾಳೆ, ದಾರಿ ಬಿಡು ಅಂತ ಹಳ್ಳಕ್ಕೆ ಹೇಳಿದಳಂತೆ, ಹಳ್ಳ ಎರಡಾಗಿ ಸರಿದು ನಿಂತಿತಂತೆ. ಕೌದಿ ಹಾಸಿ ಅದರ ಮೇಲೆ ನೀರು ದಾಟಿದಳು ಅನ್ನುವವರೂ ಇದ್ದಾರೆ. ಲಾಡಸಾಬನ ಮೊಮ್ಮಕ್ಕಳು ಮಾತ್ರ ಇದನ್ನು ಕೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ಯಾಕೆಂದರೆ ಮೇಲಿನ ತಿರುವಿನಲ್ಲಿ ಮಳೆಯಲ್ಲಿ ನೆನೆಯುತ್ತಾ ನಿಂತು, ಈಗ ಬೇಡ, ಈಗ ಬೇಡ, ಇನ್ನೊಂದು ಪ್ರವಾಹ ಬರುತ್ತಿದೆ ಅಂತ ಡಬ್ಬಿಯಲ್ಲಿ ಹೇಳುತ್ತಿದ್ದವನು ಅವರ ಅಜ್ಜ. ಮಧ್ಯಾಹ್ನದ ಹೊತ್ತಿಗೆ ಅವನು "ಈಗ ಇಳೀರಿ" ಅಂದ. ಹುಡುಗರು ಜಾಲಿಮರಕ್ಕೆ ಹಗ್ಗ ಬಿಗಿದು ಎದೆಮಟ್ಟದ ನೀರಿಗಿಳಿದರು. ರೊಟ್ಟಿ, ಹಿಟ್ಟು, ಬೆಲ್ಲ, ಬಾಣಂತಿಗೆ ಅಂಟಿನುಂಡೆ, ಉಪ್ಪಿಲ್ಲದ ಮನೆಗೆ ಉಪ್ಪು, ಎಲ್ಲ ತಲೆಯ ಮೇಲಿನ ಗಂಟಿನಲ್ಲಿ ದಾಟಿತು. ಫಕೀರವ್ವನನ್ನು ಇಬ್ಬರು ತೋಳು ಹಿಡಿದು ದಾಟಿಸಿದರು.

ಒಳಗೆ ಕಾಲಿಟ್ಟವಳೇ ಅವಳು ಕಸ್ತೂರೆವ್ವನ ಎದುರು ಕೂತು ರೊಟ್ಟಿ ಮುರಿದಳು. ಒಂದು ತುತ್ತು ಅವಳ ಬಾಯಿಗೆ ಇಟ್ಟಳು, ಒಂದು ತಾನು ತಿಂದಳು. ಇಬ್ಬರೂ ಅಳುತ್ತಾ ಉಂಡರು. ದುರಗವ್ವ ಮಲಗಿದಲ್ಲಿಂದಲೇ, ಖಾರ ಜಾಸ್ತಿ ಕೊಡಬೇಡ, ಕೂಸಿಗೆ ಆಗುವುದಿಲ್ಲ ಅಂತ ಗದರಿದಳಂತೆ. ಆಮೇಲೆ ಕೌದಿಯ ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಅವಳನ್ನು ಎಲುಬು ಕಟ್ಟುವವರ ಹತ್ತಿರ ಹೊತ್ತು ನಡೆದರು. ಸಂಜೆಯ ಹೊತ್ತಿಗೆ ಕೂಸು ಹೊಟ್ಟೆತುಂಬ ಹಾಲು ಕುಡಿದು ಮಲಗಿತು. ಅದು ಮಲಗಿತು ಅನ್ನುವ ಸುದ್ದಿಯನ್ನೂ ಡಬ್ಬಿಯಲ್ಲಿ ಹೇಳಿದರು, ಎಲ್ಲ ಮನೆಯವರೂ ದನಿ ತಗ್ಗಿಸಿ ಮಾತಾಡಿದರು ಅಂತಾರೆ.

ದುರಗವ್ವ ಮತ್ತೆ ನಡೆದಾಡಿದಳು, ಸ್ವಲ್ಪ ಕುಂಟುತ್ತಾ. ಅವಳ ಬೈಗುಳ ಮತ್ತೆ ಡಬ್ಬಿಯಲ್ಲಿ ಕೇಳಿಬರತೊಡಗಿತು, ಈ ಸಲ ಬೇಕೆಂದೇ. ಒಂದು ದಿನ ಬೈಗುಳ ಬರದಿದ್ದರೆ, ಯಾಕಕ್ಕಾ ಆರಾಮಿಲ್ಲೇನು ಅಂತ ಊರೇ ಕೇಳುತ್ತಿತ್ತಂತೆ. ಫಕೀರವ್ವ ಬಹಳ ವರ್ಷ ಬದುಕಿದಳು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗದಿದ್ದಾಗ ಊರಿನ ಹೆಂಗಸರು ಸರದಿಯ ಮೇಲೆ ಹೋಗಿ ದಾರ ಪೋಣಿಸಿಟ್ಟು ಬರುತ್ತಿದ್ದರು. ನಿದ್ದೆಯಲ್ಲೇ ಸುಖವಾಗಿ ಹೋದಳು. ಅವಳಿಗೆ ಹೊದಿಸಿದ ಕೌದಿಗೆ ಎಲ್ಲ ಮನೆಯ ಬಟ್ಟೆಯ ತುಂಡೂ ಸೇರಿತ್ತು ಅಂತ ಹೇಳುತ್ತಾರೆ.

ಈಗ ಆ ಊರಲ್ಲಿ ಎಲ್ಲರ ಕೈಯಲ್ಲೂ ಫೋನಿದೆ. ಆದರೂ ಡಬ್ಬಿ ಇಟ್ಟುಕೊಂಡಿದ್ದಾರೆ. ಹಳೆಯದು ಕೆಟ್ಟರೆ ಪೇಟೆಯಿಂದ ಹೊಸದು ತರುತ್ತಾರೆ. ಫೋನಾದರೆ ಒಬ್ಬರಿಗೆ ಕೇಳುತ್ತದೆ, ಇದು ಊರಿಗೇ ಕೇಳುತ್ತದೆ ಅನ್ನುತ್ತಾರೆ. ಬೆಳಿಗ್ಗೆ ಅಲ್ಲಿ ಯಾರೂ ಊಟ ಆಯಿತಾ ಅಂತ ಕೇಳುವುದಿಲ್ಲ. ಮೊದಲು ಗುಂಡಿ ಒತ್ತಿದವರು ತಮ್ಮ ಮನೆಯಲ್ಲಿ ಏನಿಲ್ಲ ಅನ್ನುವುದನ್ನು ಹೇಳಬೇಕು. ಏನೂ ಕೊರತೆ ಇಲ್ಲದಿದ್ದರೆ, ಮಜ್ಜಿಗೆ ಹುಳಿಯಾಗಿದೆ ಅಂತಲಾದರೂ ಹೇಳಬೇಕು. ಆಮೇಲೆ ಉಳಿದವರ ಬಾಯಿ ಬಿಡುತ್ತದೆ.

ಮತ್ತೆ, ಆ ಊರಿಗೆ ಹೊಸ ಸೊಸೆ ಬಂದರೆ, ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದವಳನ್ನು ಎಲೆಯ ಮುಂದೆ ಕೂರಿಸುವ ಮೊದಲು ಅವಳ ಕೈಗೆ ಡಬ್ಬಿ ಕೊಡುತ್ತಾರೆ. ಕೊಡುವವಳು ಅತ್ತೆಯೇ ಆಗಬೇಕು. "ನನಗ ಊಟ ಆಗಿಲ್ಲ" ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳಿಸುತ್ತಾರೆ. ಕೆಲವು ಹುಡುಗಿಯರು ನಗುತ್ತಾ ಹೇಳುತ್ತಾರೆ. ಕೆಲವರು ನಾಚಿಕೆಯಿಂದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಆಯಿತು ಅನ್ನುವುದನ್ನೇ ಕಲಿತು ಬಂದ ಮಕ್ಕಳು, ಅವರಿಗೆ ಸುಲಭವಲ್ಲ. ಯಾರೂ ಅವಸರ ಮಾಡುವುದಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟು ಕಾಯುತ್ತಾಳೆ. ಕೊನೆಗೆ ಆ ಹುಡುಗಿ ಹೇಳುತ್ತಾಳೆ. ಹೇಳಿ ಗುಂಡಿ ಬಿಡುತ್ತಾಳೆ. ಆಗ ಹಳ್ಳದ ಆಚೆಯಿಂದ, ಈಚೆಯಿಂದ, ಒಂದು ಮನೆಯಾದ ಮೇಲೆ ಒಂದು ಮನೆಯವರು ಅವಳಿಗೆ ಹೇಳುತ್ತಾರೆ:

"ಬಂದ್ವಿ ತಡಿಯವಾ."